ಕೆಂಪು ಪಟ್ಟಿಯ ನಳಿಕೆಗಳು

ಎದ್ದ ಕೂಡಲೇ ಎಡಗಂಕುಳಿಗೆ ಬಲಗೈ ಹಾಕಿ ತಡವಿ ನೋಡಿಕೊಳ್ಳುವುದು ನೀಲಕ್ಕನಿಗೆ ಈಗ ಮುಖ ತೊಳೆಯುವಷ್ಟೇ ರೂಢಿಯಾಗಿತ್ತು. ಮೊದಲು ಎಡಗಡೆ, ಆಮೇಲೆ ಬಲಗಡೆ, ಆಮೇಲೆ ಬಾಗಿಲು ಮುಂದೆ ಮಾಡಿ ತೊಡೆಯ ಸಂದು. ಗಡ್ಡೆ ಇದ್ದರೆ ಒತ್ತಿದಾಗ ನೋಯುತ್ತದೆ, ನೆನೆಸಿದ ಕಡಲೆಯಷ್ಟು ಶುರುವಾಗಿ ನಿಂಬೆಕಾಯಿಯಷ್ಟಾಗುತ್ತದೆ ಎಂದು ಸನವಳ್ಳಿಯ ಅಜ್ಜಿ ಹೇಳುತ್ತಿದ್ದಳು. ಇವತ್ತೂ ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬೆರಳು ಕೊಯ್ದುಕೊಂಡು ಇವತ್ತಿಗೆ ಮೂವತ್ತೆರಡು ದಿನ. "ಯಾರಿಗರೆ ತಾಗಿದ್ರ ಎಷ್ಟು ದಿನಕ್ಕ ತಿಳೀತೈತ್ರಿ?" ಎಂದು ಬೇರೆ ಯಾರದೋ ಮಾತೆನ್ನುವ ಹಾಗೆ ಕೇಳಿದಾಗ ಪ್ರಯೋಗಾಲಯದ ರಾಜಶ್ರೀ ಮೇಡಂ "ವಾರದೊಳಗ" ಎಂದಿದ್ದರು. ಹೇಳುವಾಗ ಅವರು ಕಂಪ್ಯೂಟರಿನಿಂದ ಮುಖ ಎತ್ತಿರಲಿಲ್ಲ. ಮುಖ ಎತ್ತದೆ ಹೇಳಿದ ಮಾತನ್ನು ಎಷ್ಟೆಂದು ನಂಬುವುದು? ಗಾಯ ಮಾಯ್ದು ತೋರುಬೆರಳಿನ ಮೇಲೆ ಬಿಳಿ ಗೆರೆಯಾಗಿ ಉಳಿದಿತ್ತು. ಅದನ್ನೂ ಒಮ್ಮೆ ಒತ್ತಿ ನೋಡಿ, ನೋವಾಗದ್ದನ್ನೂ ಒಂದು ಗುರುತೆಂದೇ ಎಣಿಸಿ, ನೀಲಕ್ಕ ಬುತ್ತಿ ಕಟ್ಟಿಕೊಂಡಳು.

ಸಾಂಬ್ರಾಣಿಯಿಂದ ಹಳಿಯಾಳಕ್ಕೆ ಹೋಗುವ ಎಂಟೂ ಹತ್ತರ ಬಸ್ಸಿನಲ್ಲಿ ಅವಳು ಹಿಂದಿನ ಸೀಟಿನ ಮೂಲೆಯಲ್ಲಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುವಳು. ಪಕ್ಕ ಕೂತವರು ಎದ್ದು ಮುಂದಿನ ಸೀಟಿಗೆ ಹೋದರೆ, ಕಿಟಕಿಯ ಗಾಳಿಗೆ ಹೋದರೋ ತನ್ನಿಂದ ದೂರ ಹೋದರೋ ಎಂದು ಹಳಿಯಾಳ ಬರುವ ತನಕ ಅದೇ ಯೋಚನೆ. ದಾಂಡೇಲಿ ರಸ್ತೆಯ ಪ್ರಯೋಗಾಲಯದಲ್ಲಿ ಅವಳು ಗಾಜು ತೊಳೆಯುತ್ತಾಳೆಂದು ಊರಿಗೆ ಗೊತ್ತಿತ್ತು. ಯಾವ ಕ್ರಿಮಿಯ ಗಾಜು ಎಂದು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಜ್ವರದ ಪರೀಕ್ಷೆ ಎಂದಷ್ಟೇ ಹೇಳುವಳು. ಪ್ಲೇಗು ಎಂದರೆ ಮರುದಿನದಿಂದ ಬಸ್ಸಿನಲ್ಲಿ ಇಡೀ ಸೀಟು ತನಗೊಬ್ಬಳಿಗೇ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜಂತಿಯಿಂದ ಇಲಿ ಬಿತ್ತೆಂದರೆ ಮನೆ ಬಿಡುವುದು, ಹೊಲದಲ್ಲಿ ಚಪ್ಪರ ಹಾಕಿ ಎರಡು ಅಮಾವಾಸ್ಯೆ ಕಳೆಯುವುದು. ಅಜ್ಜಿ ಅದನ್ನೆಲ್ಲ ತನ್ನ ತಾಯಿಯಿಂದ ಕೇಳಿದ್ದಳು. ಕತೆಯಲ್ಲಿ ಸತ್ತವರ ಹೆಸರು ಅವಳಿಗೆ ಮರೆತುಹೋಗುತ್ತಿತ್ತು, ಬಿಟ್ಟುಹೋದ ಪಾತ್ರೆಗಳ ಹೆಸರು ಮರೆಯುತ್ತಿರಲಿಲ್ಲ. ಒಂದು ಹಿತ್ತಾಳಿ ಕೊಡ, ಎರಡು ಕಂಚಿನ ಗಂಗಾಳ, ಹಾಲು ಕಾಸುವ ಬೋಗುಣಿ. ತಿರುಗಿ ಬಂದ ಮೇಲೆ ಅವನ್ನೆಲ್ಲ ಬೂದಿ ಹಾಕಿ ತಿಕ್ಕಿ, ಕಡೆಗೆ ಅಂಟವಾಳಕಾಯಿಯ ನೀರಿನಲ್ಲಿ ಅದ್ದಿ, ಒರೆಸದೆ ಬೋರಲು ಹಾಕಿದರಂತೆ. ಒರೆಸಬಾರದು, ಆ ನೀರು ಪಾತ್ರೆಯ ಮೇಲೇ ಒಣಗಬೇಕು, ಕಣ್ಣಿಗೆ ಕಾಣದ್ದನ್ನು ಅದೇ ತಿಂದುಹಾಕುತ್ತದೆ. ಬಸ್ಸು ಹಳಿಯಾಳದ ತಿರುವಿನಲ್ಲಿ ವಾಲಿದಾಗ ನೀಲಕ್ಕನ ಮನಸ್ಸು ಅಜ್ಜಿಯ ಅಂಗಳದಿಂದ ಜಾರಿ ಇವತ್ತಿನ ನಾಲ್ಕು ಗಂಟೆಗೆ ಬಂದು ನಿಂತಿತು. ನಾಲ್ಕಕ್ಕೆ ಡ್ರೈವರ್ ಸುಭಾಸ ಜೀಪು ತರುತ್ತಾನೆ. ನಾಲ್ಕಕ್ಕೆ ಮೇಡಮ್ಮನ ಸಹಿ ಬಿದ್ದ ವರದಿ ಹೋಗುತ್ತದೆ. ಅದು ಸುಳ್ಳು ವರದಿ ಎಂದು ತನಗೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು.

ಎರಡು ತಿಂಗಳ ಹಿಂದೆ ಜೋಯಿಡಾದಾಚೆಯ ಕಾಡಿನ ಒಂದು ವಾಡೆಯಲ್ಲಿ, ಹತ್ತಿಪ್ಪತ್ತು ಮನೆಯ ಹಳ್ಳಿಯಲ್ಲಿ, ಭತ್ತದ ಕಣಜದೊಳಗೆ ಏಳು ಇಲಿ ಸತ್ತು ಸಿಕ್ಕಿದ್ದವು. ವಿಷ ತಿಂದಿರಬೇಕು ಎಂದರು ಕೆಲವರು. ಇಲಿಗಳನ್ನು ಡಬ್ಬಿಯಲ್ಲಿ ಮುಚ್ಚಿ ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದಾಯಿತು, ಅಲ್ಲಿಂದ ಇನ್ನೂ ಉತ್ತರ ಬಂದಿರಲಿಲ್ಲ. ಬರುವ ತನಕ ಸುಮ್ಮನಿರುವಂತಿಲ್ಲ ಎಂದು, ರಾಮನಗರದ ಒಂದು ಉಗ್ರಾಣದಲ್ಲಿ ಎರಡು ಬೇಸಿಗೆ ಕಳೆದಿದ್ದ ಮಾತ್ರೆಯ ಪೆಟ್ಟಿಗೆಗಳನ್ನು ಆ ಕಡೆಯ ವಾಡೆಗಳಿಗೆ ಒಯ್ದಿಡುವುದೆಂದಾಯಿತು. ಒಯ್ಯುವ ಮೊದಲು ಮಾತ್ರೆಯಲ್ಲಿ ಇನ್ನೂ ಕಸುವಿದೆಯೇ ಎಂದು ನೋಡಿ ಹೇಳುವ ಕೆಲಸ ಇವರ ಪಾಲಿಗೆ ಬಂತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ಲೇಗಿನ ಕ್ರಿಮಿ ಬಂದ ದಿನ ಮೇಡಂ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: "ಇದು ಕಸುವು ಕಳಕೊಂಡ ತಳಿ. ಮನಶ್ಯಾರಿಗೆ ಏನೂ ಮಾಡೂದಿಲ್ಲ. ಔಷಧದ ಪರೀಕ್ಷಾಕಂತನ ಇಟ್ಟಿರ್ತಾರ." ನೀಲಕ್ಕ ತಲೆಯಾಡಿಸಿದ್ದಳು. ಏನೂ ಮಾಡುವುದಿಲ್ಲವಾದರೆ ಎರಡೆರಡು ಕೈಗವಸು ಯಾಕೆ, ಅದನ್ನು ಮುಟ್ಟುವುದಕ್ಕೆ ಗಾಜಿನ ಗೂಡು ಯಾಕೆ, ಅದರ ನಳಿಕೆಗಳಿಗೆ ಮಾತ್ರ ಕೆಂಪು ಪಟ್ಟಿ ಅಂಟಿಸಿ ಬೇರೆ ಬುಟ್ಟಿಯಲ್ಲಿ ಇಡುವುದು ಯಾಕೆ? ಹೋಲಿಕೆಗೆಂದು ಇಟ್ಟ ಇನ್ನೊಂದು ಸಾದಾ ಕ್ರಿಮಿಯ ನಳಿಕೆಗಳಿಗೆ ನೀಲಿ ಪಟ್ಟಿ. ಆ ನೀಲಿಯವು ಒಂದರ ಮೇಲೊಂದು ಬಿದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಬೇರೆ ಇಟ್ಟದ್ದೆಲ್ಲ ಅಂಜಿ ಬೇರೆ ಇಟ್ಟದ್ದೇ. ಅದು ಅವಳಿಗೆ ಗೊತ್ತಿದ್ದಷ್ಟು ಮೇಡಮ್ಮನಿಗೂ ಗೊತ್ತಿರಲಾರದು.

ಮುದಕವ್ವನ ಲೋಟವನ್ನು ಅವಳು ಬೇರೆ ಇಟ್ಟಿದ್ದಳು. ಮುದಕವ್ವ ಅವಳ ಅತ್ತೆ. ಆಕೆಗೆ ಕೆಮ್ಮು ಹತ್ತಿ ಆರು ತಿಂಗಳಾದರೂ ಬಿಡದಿದ್ದಾಗ, ಯಾರೂ ಹೇಳದೆ, ಯಾರಿಗೂ ಹೇಳದೆ, ಸೊಸೆ ಆ ಲೋಟವನ್ನು ಅಡಿಗೆಮನೆಯ ಹಲಗೆಯಿಂದ ತೆಗೆದು ಬಚ್ಚಲ ಗೂಡಿನಲ್ಲಿಟ್ಟಳು. ಸ್ಟೀಲಿನ ಲೋಟ, ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಮುದಕವ್ವ ಎಂದು ಹೆಸರು ಕೊರೆದದ್ದು. ತಿಕ್ಕಿ, ತೊಳೆದು, ಕಡೆಗೆ ಅಂಟವಾಳದ ನೀರಿನಲ್ಲಿ ಅದ್ದಿ ಒಣಗಲಿಕ್ಕೆ ಬಿಡುವಳು. "ನಿಮ್ಮ ಲೋಟ ನಿಮಗ ಇರ್ಲಿ ಅಂತ ತಗದಿಟ್ಟೇನತ್ತಿ, ಹುಡುಗೂರು ಎಲ್ಯರೆ ಒಗದಾರು" ಎಂದಳು. ಅತ್ತೆ ಹೂಂ ಎಂದಳು. ಆದರೆ ಆವತ್ತಿನಿಂದ ಚಹಾ ಕೊಟ್ಟಾಗೆಲ್ಲ ಆಕೆ ಕುಡಿಯುವ ಮೊದಲು ಲೋಟವನ್ನು ಮೂಗಿನ ಹತ್ತಿರ ಒಯ್ಯುತ್ತಿದ್ದಳು. ಒಂದು ಗಳಿಗೆ, ಅಷ್ಟೇ. ಆಮೇಲೆ ಸೊಸೆಯ ಮುಖ ನೋಡದೆ ಕುಡಿಯುತ್ತಿದ್ದಳು. ಅದು ಕ್ಷಯವಲ್ಲ, ಬರೀ ದಮ್ಮು ಎಂದು ದಾಂಡೇಲಿಯ ಡಾಕ್ಟರರು ಎದೆಯ ಚಿತ್ರ ತೆಗೆಸಿ ಹೇಳಿದ ಮೇಲೂ ಲೋಟ ಬಚ್ಚಲ ಗೂಡಿನಲ್ಲೇ ಉಳಿಯಿತು. ಈಗ ಹಲಗೆಗೆ ತಂದರೆ ಆಗ ಯಾಕೆ ತೆಗೆದಿದ್ದೆ ಎಂಬುದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು. ಆಕೆ ಹೋದ ಮೇಲೆ ಮನೆಯಲ್ಲಿ ಅದರಲ್ಲಿ ಯಾರೂ ಕುಡಿಯಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಲೋಟ ಬೇಕಾದಾಗ ನೀಲಕ್ಕ ಅದನ್ನೇ ತಂದಿದ್ದಳು. ಹನ್ನೊಂದು ವರ್ಷದಿಂದ ಅದು ಪ್ರಯೋಗಾಲಯದ ಪಡಸಾಲೆಯ ಕಿಟಕಿಯಲ್ಲಿ, ಉಳಿದವರ ಲೋಟಗಳಿಂದ ಒಂದು ಮೊಳ ದೂರ ಕೂತಿತ್ತು. ಗಾಜು ತೊಳೆಯುವವಳ ಲೋಟವೆಂದು ಇವರೇ ಅದನ್ನು ದೂರ ಮಾಡಿದ್ದಾರೆ ಎಂದು ಅವಳು ಎಷ್ಟೋ ಸಲ ಒಳಗೊಳಗೇ ನೊಂದಿದ್ದಳು.

ಪ್ರಯೋಗಾಲಯದ ಹಿಂದಿನ ಸಾಗವಾನಿ ಮರದ ಕೆಳಗೆ ಕಿರಣಕುಮಾರ ಫೋನಿನಲ್ಲಿ ಮಾತಾಡುತ್ತಿದ್ದ. ಧಾರವಾಡದ ಕಡೆಯ ಹುಡುಗ, ಮೂವತ್ತು ದಾಟಿಲ್ಲ, ಪರೀಕ್ಷೆ ಮಾಡುವವನು ಅವನೇ. ನೀಲಕ್ಕ ಚಪ್ಪಲಿ ಬಿಡುವ ನೆಪದಲ್ಲಿ ಗೋಡೆಯ ಮರೆಗೆ ನಿಂತಳು. "ಪೆಟಗಿ ಎಲ್ಲಿ ಇಟ್ಟಿದ್ರಿ?... ತಗಡಿನ ಕೆಳಗ? ಎರಡೂ ಬ್ಯಾಸಗಿ?... ಇರ್ಲಿ, ಈಗ ಯಾರ ಮುಂದೂ ಹೇಳಬ್ಯಾಡ್ರಿ, ನಾ ನೋಡ್ಕೋತೇನಿ." ಅವಳಿಗೆ ಬೇಕಾದದ್ದು ಸಿಕ್ಕಿತು. ರಾಮನಗರದ ಉಗ್ರಾಣದವರಿಗೂ ಇವನಿಗೂ ಏನೋ ಇದೆ. ಎರಡನೇ ಸಲ ಮಾತ್ರೆಯ ಮಾದರಿ ತರಲಿಕ್ಕೆ ತಾನೇ ಹೋಗುತ್ತೇನೆಂದು ಹೋದವನು ಇವನೇ. ಬರುವಾಗ ಎಲ್ಲರಿಗೂ ಒಂದೊಂದು ಪೊಟ್ಟಣ ಗೋಡಂಬಿ ತಂದಿದ್ದ. ಎಲ್ಲರಿಗೂ ಯಾಕೆ ತರಬೇಕು? ನೀಲಕ್ಕ ತನ್ನ ಪೊಟ್ಟಣವನ್ನು ಮನೆಗೆ ಒಯ್ದು ಆಕಳ ಮುಂದೆ ಸುರಿದು, ಆಕಳು ತಿಂದು ಸುಮ್ಮನಿದ್ದದ್ದನ್ನು ಸಂಜೆಯ ತನಕ ಕೂತು ನೋಡಿದ್ದಳು.

ಪರೀಕ್ಷೆ ಎಂದರೇನೆಂದು ಅವಳಿಗೆ ಹೇಳಿಕೊಟ್ಟವನೂ ಅವನೇ ಎಂಬುದು ಬೇರೆ. "ಕ್ರಿಮಿ ಅಂದ್ರ ಹುಲ್ಲಿದ್ದಂಗ ನೀಲಕ್ಕ. ತಟ್ಟಿ ತುಂಬ ಬೆಳೀತೈತಿ. ನಡುವ ಔಷಧ ಹಚ್ಚಿದ ಕಾಗದದ ಬಿಲ್ಲಿ ಇಟ್ರ, ಸುತ್ತಲಿನ ಹುಲ್ಲು ಸತ್ತು ದುಂಡಗ ಬಯಲಾಗ್ತೈತಿ. ಬಯಲು ಎಷ್ಟು ಅಗಲ, ಔಷಧಕ್ಕ ಅಷ್ಟು ಕಸುವು." ಈ ಕ್ರಿಮಿ ಉಳಿದವುಗಳ ಹಾಗೆ ಒಂದೇ ದಿನಕ್ಕೆ ಬೆಳೆಯುವುದಿಲ್ಲ, ಕಡಿಮೆ ಕಾವಿನಲ್ಲಿ ಎರಡು ದಿನ ಬೇಕು. ಬಯಲು ಇಪ್ಪತ್ತು ಮಿಲಿಮೀಟರು ದಾಟಿದರೆ ಈ ಮಾತ್ರೆ ಪಾಸು. ಮೊದಲ ಸಲ ಹದಿನೇಳು ಬಂತು. ಎರಡನೇ ಸಲ ಇಪ್ಪತ್ತನಾಲ್ಕು, ಮೂರನೇ ಸಲ ಇಪ್ಪತ್ತೈದು. ಕಸುವು ಗೊತ್ತಿದ್ದ ಹೊಸ ಔಷಧ ಇಟ್ಟು ನೋಡಿದ ನೀಲಿ ಪಟ್ಟಿಯ ಕ್ರಿಮಿ ಮೂರೂ ಸಲ ಬರಬೇಕಾದಷ್ಟೇ ಬಂತು. ಹಾಗಾದರೆ ಮೊದಲ ಸಲ ತಪ್ಪಿದ್ದು ಕಿರಣಕುಮಾರನ ಕೈ ಎಂದು ಮೇಡಂ ಎಲ್ಲರ ಮುಂದೆ ಹೇಳಿದರು. ವರದಿಯಲ್ಲೂ ಹಾಗೇ ಬರೆದರು. ಅವನು ಕೆಂಪಗಾಗಿ ನಿಂತದ್ದನ್ನು ನೋಡಿ ನೀಲಕ್ಕನಿಗೆ ಒಳಗೆ ತಣ್ಣಗಾಗಿತ್ತು. ಒಂದು ಸಲ ಅವನು ಅವಳಿಗೆ, ತಮಾಷೆಗೋ ನಿಜಕ್ಕೋ, "ಅಂಕಿ ಓದಾಕ ಬರ್ತೈತೇನು ನಿಮಗ?" ಎಂದು ಕೇಳಿದ್ದ. ಬರುತ್ತಿತ್ತು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಸಂಜೆಯ ಅಕ್ಷರ ವರ್ಗಕ್ಕೆ ಹೋಗಿ ಕಲಿತದ್ದು. ಅಲ್ಲಿ ಕೊಟ್ಟಿದ್ದ ಹಳದಿ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಈಗಲೂ ಅವಳ ಕುಪ್ಪಸದೊಳಗೆ ಇರುತ್ತಿತ್ತು. ಪರೀಕ್ಷೆ ಮುಗಿದ ತಟ್ಟೆಗಳೆಲ್ಲ ಹಬೆಯ ಡಬ್ಬಿಯಲ್ಲಿ ಬೇಯಿಸಿ ಕೊಲ್ಲಲಿಕ್ಕೆ ಅವಳ ಕೈಗೇ ಬರುವುದು. ಬೇಯಿಸುವ ಮೊದಲು, ಯಾರೂ ಇಲ್ಲದಾಗ, ಮುಚ್ಚಿದ ತಟ್ಟೆಯ ತಳಕ್ಕೆ ಹೊರಗಿನಿಂದಲೇ ಪಟ್ಟಿ ಹಿಡಿದು ಅಳೆಯುವಳು. ಮೊದಲ ಸಲ ಹದಿನೇಳಕ್ಕೆ ಹದಿನೇಳೇ ಇತ್ತು. ಆಮೇಲೆ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೇ. ಪುಸ್ತಕದಲ್ಲಿ ಅವನು ಸುಳ್ಳು ಬರೆದಿರಲಿಲ್ಲ ಎಂಬುದು ಅವಳ ಸಂಶಯವನ್ನು ಇನ್ನಷ್ಟು ಗಟ್ಟಿ ಮಾಡಿತು. ತಗಡಿನ ಕೆಳಗೆ ಸುಟ್ಟ ಮಾತ್ರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹರೆಯಕ್ಕೆ ಬರುತ್ತದೆಯೇ? ಬರುವುದಿಲ್ಲ. ಮಾತ್ರೆಯನ್ನೇ ಬದಲಿ ಮಾಡಿದ್ದಾನೆ.

ಹತ್ತೂವರೆಗೆ ಅವಳು ತೊಳೆಯುವ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗೋಡೆಯ ಮೇಲೆ ಮೇಡಂ ದೊಡ್ಡ ಅಕ್ಷರದಲ್ಲಿ ಬರೆಸಿ ಹಚ್ಚಿದ ಕಾಗದವಿತ್ತು: ಸೋಪು, ಏಳು ಸಲ ನಲ್ಲಿಯ ನೀರು, ಎರಡು ಸಲ ಭಟ್ಟಿ ಇಳಿಸಿದ ನೀರು. ನೀಲಿ ಪಟ್ಟಿಯ ನಳಿಕೆಗಳನ್ನು ಅವಳು ಹಾಗೆಯೇ ತೊಳೆದು ಜಾಲರಿಗೆ ಹಾಕಿದಳು. ಕೆಂಪು ಪಟ್ಟಿಯವನ್ನೂ ಹಾಗೆಯೇ ತೊಳೆದಳು, ಲೆಕ್ಕ ತಪ್ಪದೆ. ಆಮೇಲೆ ಬಾಗಿಲಿನ ಕಡೆ ನೋಡಿ, ತೊಟ್ಟಿಯ ಕೆಳಗಿನ ಕಂದು ಬಾಟಲಿಯನ್ನು ತೆಗೆದಳು. ಬೆರಳು ಕೊಯ್ದ ಮರುದಿನ ಮನೆಯಿಂದ ತಂದದ್ದು, ವಾರಕ್ಕೊಮ್ಮೆ ಹೊಸದಾಗಿ ತುಂಬುವುದು. ಆವತ್ತು ಮೊದಲ ಸರದಿಯ ನಳಿಕೆಯೊಂದರ ಬಾಯಿ ಒಡೆದಿತ್ತು. ಅದು ಬೆಂದು ಬಂದ ನಳಿಕೆ, ಕ್ರಿಮಿ ಸತ್ತೇ ಹೋಗಿರುತ್ತದೆ ಎಂದು ಕಾಗದ ಹೇಳುತ್ತಿತ್ತು. ಕಾಗದಕ್ಕೆ ಕಂಕುಳಿಲ್ಲ. ಹೇಳಿದರೆ ಪುಸ್ತಕದಲ್ಲಿ ಬರೆಯುತ್ತಾರೆ, ರಕ್ತ ತೆಗೆಯುತ್ತಾರೆ, ಇನ್ನು ನೀವು ಬರಬೇಡಿ ಎನ್ನುತ್ತಾರೆ ಎಂದು ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು, ಇಟ್ಟುಕೊಂಡದ್ದಕ್ಕೇ ಮತ್ತೆ ಹೆದರಿ, ಉಗುಳಿ, ಸುಮ್ಮನಾಗಿದ್ದಳು. ಒಂದೊಂದೇ ಕೆಂಪು ನಳಿಕೆಯನ್ನು ಅಂಟವಾಳದ ನೀರಿನಲ್ಲಿ ಅದ್ದಿ, ಒಮ್ಮೆ ಕೊಡವಿ, ಬೋರಲು ಹಾಕಿದಳು. ಒರೆಸಲಿಲ್ಲ. ಇದು ತನಗಾಗಿ ಅಷ್ಟೇ ಅಲ್ಲ, ಅದನ್ನು ನಾಳೆ ಮುಟ್ಟುವ ಆ ಗೋಡಂಬಿಯ ಹುಡುಗನಿಗೂ ಆಯಿತು ಎಂದು ಮನಸ್ಸು ಒಳ್ಳೆಯ ಮಾತು ಆಡಿತು. ಲೋಟದ ವಿಷಯದಲ್ಲೂ ಹೀಗೇ ಆಡಿತ್ತು.

ಮೂರನೇ ಸರದಿಯ ತಟ್ಟೆಗಳು ಬುಟ್ಟಿಯಲ್ಲಿದ್ದವು. ಕಡೆಯ ಸಲ ಅಳೆದುಬಿಡೋಣ ಎಂದು ಕುಪ್ಪಸದೊಳಗಿಂದ ಪಟ್ಟಿ ತೆಗೆದು ತಟ್ಟೆಯ ಕೆಳಗೆ ಹಿಡಿದು ಬೆಳಕಿಗೆ ಎತ್ತಿದ್ದಳಷ್ಟೇ, ಹಿಂದಿನಿಂದ ದನಿ ಬಂತು. "ಎಷ್ಟು ಬಂತ್ರಿ?"

ಕಿರಣಕುಮಾರ ಬಾಗಿಲಲ್ಲಿ ನಿಂತಿದ್ದ. ನೀಲಕ್ಕನ ಕೈಯಿಂದ ಪಟ್ಟಿ ತೊಟ್ಟಿಗೆ ಬಿದ್ದು ಸಪ್ಪಳವಾಯಿತು. "ಏನಿಲ್ಲ. ತಳ ಒಡದೈತೇನಂತ ನೋಡಾಕತ್ತಿದ್ದೆ."

"ಅಳತಿಪಟ್ಟಿಲೆ?" ಅವನು ಒಳಗೆ ಬಂದು ಪಟ್ಟಿಯನ್ನು ನೀರಿನಿಂದ ತೆಗೆದು ಹಿಂದೆ ಮುಂದೆ ನೋಡಿದ. ಅದರ ಮೇಲೆ ಅವಳು ಅಕ್ಷರ ವರ್ಗದ ದಿನಗಳಲ್ಲಿ ಮೊಳೆಯಿಂದ ಗೀಚಿದ್ದ ಅವಳದೇ ಹೆಸರಿತ್ತು. "ಮೇಡಂ ಹಚ್ಯಾರೇನು ನಿಮ್ಮನ್ನ ನನ್ನ ಮ್ಯಾಲೆ ಕಾವಲಿಗೆ?"

"ಯಾರೂ ಹಚ್ಚಿಲ್ಲ."

"ಮತ್ತ? ಎಷ್ಟು ದಿನದಿಂದ ನಡದೈತಿ ಇದು? ನನ್ನ ಲೆಕ್ಕ ಸರಿ ಐತಿ ಇಲ್ಲಂತ ಈಗ ಟ್ಯೂಬ್ ತೊಳ್ಯಾವ್ರೂ ನೋಡಬೇಕೇನು?" ಎಂದ. ಎಂದ ಮೇಲೆ ಆ ಮಾತು ಅವನಿಗೇ ಸೇರದೆ ಮುಖ ಸಣ್ಣದು ಮಾಡಿದ.

ನೀಲಕ್ಕನಿಗೆ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷ ನುಂಗಿದ್ದು ಒಂದೇ ಸಲಕ್ಕೆ ಬಾಯಿಗೆ ಬಂತು. "ತೊಳ್ಯಾಕಿ ಅಂತನ ನನ್ನ ಲೋಟ ಬ್ಯಾರೆ ಇಟ್ಟೀರಲ್ಲ. ಗೊತ್ತೈತಿ ನನಗ. ಮುಂಜಾನೆ ಫೋನಿನಾಗ ಆಡಿದ್ದೂ ಗೊತ್ತೈತಿ. ಯಾರ ಮುಂದೂ ಹೇಳಬ್ಯಾಡ್ರಿ ಅಂದ್ರೆಲ್ಲ, ಏನದು?"

ಅವನು ಅರೆ ನಗೆಯಲ್ಲಿ, ಅರೆ ಸಿಟ್ಟಿನಲ್ಲಿ ಅವಳನ್ನೇ ನೋಡಿದ. "ಲೋಟ ನೀವ ಕಿಡಕ್ಯಾಗ ಇಟ್ಕೊಂಡೀರಿ ನೀಲಕ್ಕ. ನಾ ಇಲ್ಲಿ ಬಂದದ್ದ ನಾಕು ವರ್ಷಾತು, ಆವಾಗಿಂದ ನೋಡೇನಿ. ಮೇಡಂ ಒಮ್ಮೆ ತಂದು ನಮ್ಮ ಸಾಲಿನಾಗ ಇಟ್ರು, ಮರುದಿನ ನೀವ ಒಯ್ದು ಅಲ್ಲೇ ಇಟ್ರಿ. ಇನ್ನ ಫೋನು. ಆ ಪೆಟಗಿ ಎಲ್ಲಿದ್ದುವು ಅಂತ ಕೇಳಿದೆ. ಎರಡು ಬ್ಯಾಸಗಿ ತಗಡಿನ ಕೆಳಗ ಇದ್ದುವಂತ. ಅಂಥಾ ಮಾತ್ರಿ ಇಪ್ಪತ್ತೈದು ಹೆಂಗ್ ಕೊಡ್ತೈತಿ ಹೇಳ್ರಿ? ಮೊದ್ಲಿಂದ ಹದಿನೇಳ ಖರೆ ಅನಸ್ತೈತಿ ನನಗ. ಮೇಡಂ ನಂಬೂದಿಲ್ಲ. ಮತ್ತೊಮ್ಮೆ ಹೇಳಿದ್ರ ತನ್ನ ತಪ್ಪು ಮುಚ್ಚಾಕ ಹೇಳ್ತಾನ ಅಂತಾರ."

ಇಷ್ಟು ದಿನ ಅವಳು ಒಂದೊಂದಾಗಿ ಪೇರಿಸಿಟ್ಟ ಸಂಶಯವೆಲ್ಲ ಅವನ ಬಾಯಿಂದ ಅವನದೇ ಸಂಶಯವಾಗಿ ಬರುತ್ತಿತ್ತು. ಕಿರಣಕುಮಾರ ಜಾಲರಿಯಿಂದ ನಿನ್ನೆ ಒಣಗಿದ ಒಂದು ಕೆಂಪು ನಳಿಕೆ, ಒಂದು ನೀಲಿ ನಳಿಕೆ ತೆಗೆದುಕೊಂಡ. ಎರಡಕ್ಕೂ ಬಾಟಲಿಯಿಂದ ಅರ್ಧರ್ಧ ಉಪ್ಪುನೀರು ಹಾಕಿ, ಬಾಯಿ ಮುಚ್ಚಿ, ಎರಡೂ ಕೈಯಲ್ಲಿ ಒಟ್ಟಿಗೆ ಅಲ್ಲಾಡಿಸಿದ. "ಇದನ್ನ ಕೇಳಾಕ ಬಂದಿದ್ದೆ. ನಿನ್ನೆ ಕಣ್ಣಿಗೆ ಬಿತ್ತು. ಇನ್ನೂ ಕ್ರಿಮಿ ಹಾಕಿಲ್ಲ, ಬರೇ ಉಪ್ಪುನೀರು. ನೋಡ್ರಿ." ನೀಲಿಯದರಲ್ಲಿ ನೀರು ನೀರಾಗಿಯೇ ಇಳಿದು ನಿಂತಿತು. ಕೆಂಪಿನದರಲ್ಲಿ ಮೇಲೆ ಬೆರಳಗಲ ಬುರುಗು. ಸಣ್ಣ ಸಣ್ಣ ಗುಳ್ಳೆ, ಒಂದೊಂದರಲ್ಲೂ ಕಿಟಕಿಯ ಬೆಳಕು. ಅವು ಒಡೆಯಲಿಕ್ಕೆ ಅವಸರ ಮಾಡಲಿಲ್ಲ. ಎಣ್ಣೆನೀರಿನ ದಿನ ತಲೆಗೆ ತಿಕ್ಕಿಕೊಂಡಾಗ ಬರುವ ಬುರುಗು, ಅಜ್ಜಿಯ ಬೋಗುಣಿಯಲ್ಲಿ ಕದಡಿದಾಗ ಬರುವ ಬುರುಗು. ಅದನ್ನು ಅವಳು ನೂರು ಪಾತ್ರೆಯ ನಡುವೆಯೂ ಗುರುತಿಸುತ್ತಿದ್ದಳು.

"ಇಂಥಾದ್ರಾಗ ಕ್ರಿಮಿ ಕಲಸಿದ್ರ ತಟ್ಟಿಗೆ ಹಚ್ಚೂದ್ರಾಗ ಅರ್ಧ ಸತ್ತಿರ್ತಾವ," ಎಂದ ಅವನು. "ಹುಲ್ಲು ತೆಳ್ಳಗ ಬರ್ತೈತಿ. ಹುಲ್ಲ ತೆಳ್ಳಗಾದ್ರ ಬಯಲು ದೊಡ್ಡದಾಗ್ತೈತಿ, ಔಷಧದಾಗ ಕಸುವಿರದಿದ್ರೂ. ಸೋಪ ಸರಿ ಬಿಡ್ಸಿಲ್ಲೇನು ನೀಲಕ್ಕ?"

"ಏಳು ಸಲ ತೊಳದೇನಿ." ಸುಳ್ಳಾಡಿರಲಿಲ್ಲ. "ಮ್ಯಾಲೆ ಎರಡು ಸಲ ಭಟ್ಟಿ ನೀರು."

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. "ಹಂಗಾರ ಗಾಜಿಂದ ಏನರೆ ದೋಷ ಇರಬೇಕು" ಎಂದು ನಳಿಕೆಯನ್ನು ಇಟ್ಟು, ಹಳದಿ ಪಟ್ಟಿಯನ್ನು ಅಂಗಿಗೆ ಒರೆಸಿ ಅವಳ ಕೈಗೇ ಕೊಟ್ಟು ಹೋದ. ಅವನು ನಂಬಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಗ್ಗಿ ತೊಟ್ಟಿಯ ಕೆಳಗೆ ನೋಡಿದ್ದರೆ ಬಾಟಲಿ ಅವನಿಗೇ ಸಿಗುತ್ತಿತ್ತು, ಹೇಳುವ ಕೆಲಸ ಅವಳಿಗೆ ಉಳಿಯುತ್ತಿರಲಿಲ್ಲ. ನೀಲಕ್ಕ ಹಬೆಯ ಡಬ್ಬಿಗೆ ತಟ್ಟೆ ತುಂಬಿ, ಮುಚ್ಚಳ ಬಿಗಿದು, ಮುಳ್ಳು ಏರುವುದನ್ನು ನೋಡುತ್ತ ಕೂತಳು. ಮಾತ್ರೆ ಬದಲಿಯಾಗಿರಲಿಲ್ಲ. ಹರೆಯಕ್ಕೂ ಬಂದಿರಲಿಲ್ಲ. ಬದಲಾದದ್ದು ಒಂದೇ, ಒಂದನೇ ಸರದಿಗೂ ಎರಡನೇ ಸರದಿಗೂ ನಡುವೆ ಅವಳ ಬೆರಳು ಕೊಯ್ದದ್ದು. ಮೂವತ್ತೆರಡು ದಿನ ಕಂಕುಳಲ್ಲಿ ಹುಡುಕಿದ್ದು ತೊಟ್ಟಿಯ ಕೆಳಗೆ ಬಾಟಲಿಯಲ್ಲಿ ಕೂತಿತ್ತು. ಹೇಳದಿದ್ದರೆ ಏನಾಗುತ್ತದೆ? ಏನೂ ಆಗದೆಯೂ ಇರಬಹುದು. ಏಳು ಇಲಿ ವಿಷ ತಿಂದೇ ಸತ್ತಿರಬಹುದು, ಪೆಟ್ಟಿಗೆಗಳು ವಾಡೆಯ ಶಾಲೆಯ ಕಪಾಟಿನಲ್ಲಿ ಯಾರೂ ಮುಟ್ಟದೆ ಇನ್ನೆರಡು ಬೇಸಿಗೆ ಕಳೆಯಬಹುದು, ತಾನು ಕೆಲಸದ ಉಳಿದ ಎರಡು ವರ್ಷ ಕಳೆದು ಮಾನದಿಂದ ಮನೆಗೆ ಹೋಗಬಹುದು. ಮುದಕವ್ವನೂ ದಮ್ಮಿನಿಂದಲೇ ಹೋದದ್ದು, ಲೋಟದಿಂದಲ್ಲ. ಡಬ್ಬಿ ಸೀಟಿ ಹೊಡೆಯಿತು. ಮುದಕವ್ವ ಕಡೆಕಡೆಗೆ ಚಹಾ ಬೇಡ ಎನ್ನತೊಡಗಿದ್ದಳು. ಬೊಗಸೆಯಲ್ಲಿ ನೀರು ಹಾಕು ಸಾಕು ಎನ್ನುತ್ತಿದ್ದಳು.

ಸುಭಾಸ ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದ. ಜೋಯಿಡಾ ಕಡೆಯವನು, ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಒಂದೇ ಉಸುರಿನಲ್ಲಿ ಬೆರೆಸುವವನು. "ಕಾಯ್ ಝಾಲಾ ನೀಲಕ್ಕಾ, ಮಾರಿ ಯಾಕ ಬಾಡಿದ ಬದನಿಕಾಯಿ ಆಗೇತಿ? ಮೇಡಂ ಬೈದ್ರೇನು?" ಎನ್ನುತ್ತ ಮೆಟ್ಟಿಲ ಮೇಲೆ ಕೂತ. "ಕಾಗದ ಕೊಟ್ರಂದ್ರ ನಾಳೆ ಪೆಟಗಿ ಏರಿಸೂದ. ನಮ್ಮ ವಾಡೆಗೂ ಎರಡು ಬರ್ತಾವ. ಆಯಿ ಫೋನ್ ಮಾಡಿದ್ಲು, ಇಲಿ ಸತ್ತಾಗಿಂದ ಕಣಜದ ಹತ್ರ ಹೋಗವಲ್ಲಳು. ಅಂಜಬ್ಯಾಡ ಅಂದೆ. ನಮ್ಮ ನೀಲಕ್ಕ ತೊಳದ ಗಾಜಿನಾಗ ಮೂರು ಸಲ ಪಾಸಾಗಿ ಬರ್ತೈತಿ ಗುಳಿಗಿ, ಆಕಿ ತೊಳದ್ರ ದೇವರ ಕಣ್ಣಿಗೂ ಕಲಿ ಕಾಣೂದಿಲ್ಲ ಅಂದೆ. ಖರೆ ಹೌದಲ್ಲ?"

ನೀಲಕ್ಕ ಒಳಗೆ ನಡೆದಳು. ತೊಳೆಯುವ ಕೋಣೆಗೆ ಹೋಗಿ, ಕಂದು ಬಾಟಲಿಯನ್ನು ಒಂದು ಕೈಯಲ್ಲಿ, ಬುರುಗು ಇನ್ನೂ ಪೂರ್ತಿ ಇಳಿಯದ ನಳಿಕೆಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೇಡಮ್ಮನ ಕೋಣೆಯ ಬಾಗಿಲಿಗೆ ಬಂದು ನಿಂತಳು. ವರದಿ ಮೇಜಿನ ಮೇಲಿತ್ತು, ಲಕೋಟೆ ಅದರ ಪಕ್ಕ ಬಾಯಿ ತೆರೆದಿತ್ತು. ಕಿರಣಕುಮಾರ ಮೂಲೆಯಲ್ಲಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. "ಮೇಡಂ, ಅದನ್ನ ಕಳಿಸಬ್ಯಾಡ್ರಿ. ಕೆಂಪು ಟ್ಯೂಬಿಗೆ ನಾ ಕಡೀಕ ಅಂಟವಾಳದ ನೀರು ಹಾಕಾಕತ್ತೇನಿ. ಎರಡನೇದಕ್ಕೂ ಹಾಕೇನಿ, ಮೂರನೇದಕ್ಕೂ ಹಾಕೇನಿ."

ಮೇಡಂ ಕಂಪ್ಯೂಟರ್ ನೋಡುತ್ತಲೇ "ಏನು?" ಎಂದರು. ಅವಳು ಮತ್ತೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು. ಮೇಡಂ ಅವಳನ್ನು ಬಿಟ್ಟು ಕಿರಣಕುಮಾರನ ಕಡೆ ತಿರುಗಿದರು. "ನೀ ಹೇಳಿಕೊಟ್ಟೀಯೇನು ಹಿಂಗ ಹೇಳಂತ? ನಿನ್ನ ಹದಿನೇಳು ಖರೆ ಮಾಡಾಕ?"

"ನಾ ಯಾಕ ಹೇಳಿಕೊಡ್ಲಿ ಮೇಡಂ? ನನಗೂ ಈಗ ಗೊತ್ತಾಗಾಕತ್ತೈತಿ," ಎಂದ ಅವನು. ಆದರೆ ಅವನ ಕಣ್ಣೂ ನೀಲಕ್ಕನ ಮೇಲೆ ಸಂಶಯದಿಂದಲೇ ನಿಂತಿತ್ತು. ಏಳು ಸಲ ತೊಳೆದಿದ್ದೇನೆ ಎಂದು ಅದೇ ಬಾಯಿ ಹೇಳಿ ಐದು ತಾಸೂ ಆಗಿರಲಿಲ್ಲ.

ನಿಜವನ್ನು ಹೇಳಿದರೂ ಅದನ್ನು ಇನ್ನಾರೋ ಹೇಳಿಸಿದ್ದಾರೆ ಎಂದುಕೊಳ್ಳುತ್ತಾರೆ ಎಂಬುದು ನೀಲಕ್ಕನಿಗೆ ಹೊಸದಲ್ಲ. ತಾನೂ ಹಾಗೆಯೇ ಅಂದುಕೊಳ್ಳುತ್ತಿದ್ದಳು. ಅವಳು ನಳಿಕೆಯನ್ನು ಅವರ ಮುಂದೆ ಅಲ್ಲಾಡಿಸಿ ಮೇಜಿನ ಮೇಲೆ, ವರದಿಯ ಮೇಲೆಯೇ ಇಟ್ಟಳು. ಬಾಟಲಿಯನ್ನೂ ಅಲ್ಲಾಡಿಸಿ ಪಕ್ಕ ಇಟ್ಟಳು. ಎರಡರಲ್ಲೂ ಒಂದೇ ಬುರುಗು. "ಯಾರೂ ಹೇಳಿಕೊಟ್ಟಿಲ್ರಿ. ಟ್ಯೂಬ್ ಒಡದು ಬೆರಳು ಕೊಯ್ದಿತ್ತು, ಮೊದಲನೇ ಸರದಿ ತೊಳ್ಯೂವಾಗ. ನಿಮಗ ಹೇಳ್ಲಿಲ್ಲ. ಮೂವತ್ತೆರಡು ದಿನದಿಂದ ಕಂಕುಳ ಮುಟ್ಟಿ ನೋಡ್ಕೋತೇನ್ರಿ ದಿನಾ. ಅಂಜಿ ಹಾಕಿದ್ದು ಇದನ್ನ." ಬೆರಳು ಮುಂದೆ ಚಾಚಿದಳು. ರಾಜಶ್ರೀ ಮೇಡಂ ಮುಖ ಎತ್ತಿದರು. ಹನ್ನೊಂದು ವರ್ಷದಲ್ಲಿ ಅವರು ತನ್ನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ಎಂದು ನೀಲಕ್ಕನಿಗೆ ಅನಿಸಿತು. ನೋಟದಲ್ಲಿ ಸಿಟ್ಟಿತ್ತು, ಕನಿಕರವಿತ್ತು, ಎಲ್ಲದರ ಕೆಳಗೆ ಕಾಣಿಸಿಯೂ ಕಾಣಿಸದಂತೆ ಕುರ್ಚಿ ನಾಲ್ಕು ಬೆರಳು ಹಿಂದಕ್ಕೆ ಸರಿದಿತ್ತು. ಕಸುವು ಕಳೆದ ತಳಿ ಎಂದು ಹೇಳಿದವರೇ ಸರಿದಿದ್ದರು.

ಬೆರಳಿನ ಸಂಗತಿ ಪುಸ್ತಕದಲ್ಲಿ ಬರೆಯಲ್ಪಟ್ಟಿತು. ಮೇಡಂ ಫೋನು ಮಾಡಿ ಇನ್ನೂ ಮೂರು ದಿನ ಬೇಕು ಎಂದು ಯಾರಿಗೋ ಹೇಳಿದರು. ಆ ಕಡೆಯವರು ಕೂಗುತ್ತಿದ್ದದ್ದು ಪಡಸಾಲೆಯ ತನಕ ಕೇಳುತ್ತಿತ್ತು. ಸುಭಾಸ ಬರಿಗೈಯಲ್ಲಿ ಜೀಪು ಹತ್ತಿದ. ಈ ಸಲ ಅವನಿಗೆ ತಮಾಷೆ ಹೊಳೆಯಲಿಲ್ಲ. "ಆಯೀಗೆ ಏನ್ ಹೇಳ್ಲಿ?" ಎಂದು ಕೇಳಿದಾಗ ನೀಲಕ್ಕ "ಕಣಜದ ಹತ್ರ ಹೋಗಬ್ಯಾಡ ಅನ್ನು. ಹೊಸಾ ಗುಳಿಗಿ ಬರೂ ಮಟ ಹೋಗಬ್ಯಾಡ ಅನ್ನು" ಎಂದಳು. ಕೆಂಪು ನಳಿಕೆಗಳನ್ನು ಇನ್ನು ಬೇರೆ ಯಾರಾದರೂ ತೊಳೆಯಲಿ ಎಂದು ಮೇಡಂ ಅಂದಾಗ, ತೊಳೆಯಲಿಕ್ಕೆ ಬೇರೆ ಯಾರೂ ಇಲ್ಲ ಎಂಬುದು ಮೂವರಿಗೂ ಹೊಳೆಯಿತು. ಕಿರಣಕುಮಾರ ತೊಟ್ಟಿಯ ಪಕ್ಕ ಎದೆಯ ಮೇಲೆ ಕೈ ಕಟ್ಟಿ ನಿಂತ. ಅವಳು ತೊಳೆದಳು. ಅವನು ಎಣಿಸಿದ, ಗಟ್ಟಿಯಾಗಿ, ಒಂದು, ಎರಡು, ಮೂರು, ಮಗ್ಗಿ ಒಪ್ಪಿಸುವ ಹುಡುಗರಿಗೆ ಎಣಿಸುವ ಹಾಗೆ. ಏಳಾದ ಮೇಲೆ ಅವಳ ಕೈ ತಾನಾಗಿಯೇ ತೊಟ್ಟಿಯ ಕೆಳಗೆ ಹೋಯಿತು. ಬಾಟಲಿ ಅಲ್ಲಿರಲಿಲ್ಲ. ಕೈ ಹೋದದ್ದನ್ನು ಅವನು ನೋಡಿದ. ನೋಡಿದನೆಂದು ಅವಳಿಗೂ ಗೊತ್ತಾಯಿತು. ಮುಗಿದ ಮೇಲೆ ಒಂದು ನಳಿಕೆಗೆ ನೀರು ಹಾಕಿ ಅಲ್ಲಾಡಿಸಿದ. ನೀರು ನೀರಾಗಿಯೇ ನಿಂತಿತು. "ನಾಳೆ ಮುಂಜಾನೆ ಹಚ್ಚತೇನಿ. ಎರಡು ದಿನಕ್ಕ ತಿಳೀತೈತಿ," ಎಂದಷ್ಟೇ ಹೇಳಿದ.

ಐದು ಗಂಟೆಯ ಚಹಾ ಮಾಡುವುದು ನೀಲಕ್ಕನ ಕೆಲಸವೇ. ಪಡಸಾಲೆಯ ಒಲೆಯ ಮೇಲೆ ಚಹಾ ಕುದಿಯುವ ತನಕ ಅವಳು ಹಲಗೆಯ ಮೇಲಿದ್ದ ಎರಡು ಲೋಟ ತೆಗೆದುಕೊಂಡಳು. ಕಿಟಕಿಯತ್ತ ಹೋಗಿ ಅಲ್ಲಿದ್ದದ್ದನ್ನೂ ತೆಗೆದುಕೊಂಡಳು. ಮೂರನ್ನೂ ಒಂದೇ ನಲ್ಲಿಯ ಕೆಳಗೆ ಒಟ್ಟಿಗೆ ತೊಳೆದು, ಒಂದೇ ತಟ್ಟೆಯಲ್ಲಿಟ್ಟು ಚಹಾ ಸುರಿದಳು. ಮೇಡಂ ಒಂದು ಎತ್ತಿಕೊಂಡು ಒಳಗೆ ಹೋದರು. ಕಿರಣಕುಮಾರ ಕೈಗೆ ಬಂದದ್ದನ್ನು ತೆಗೆದುಕೊಂಡ. ಹೆಬ್ಬೆರಳಿನ ಕೆಳಗೆ ಚುಕ್ಕೆಗಳು ಸಿಕ್ಕಿರಬೇಕು, ಲೋಟ ತಿರುಗಿಸಿ ಓದಿದ. "ಮುದಕವ್ವ ಅಂದ್ರ ಯಾರ್ರಿ?"

"ನಮ್ಮತ್ತಿ."

ಅವನು ಹೂಂ ಎಂದ. ಕುಡಿಯಲಿಕ್ಕೆ ಎತ್ತಿದ ಲೋಟವನ್ನು ಬಾಯಿಗೆ ಒಯ್ಯುವ ಮೊದಲು ಮೂಗಿನ ಹತ್ತಿರ ನಿಲ್ಲಿಸಿದ. ಒಂದು ಗಳಿಗೆ, ಅಷ್ಟೇ. ಹಾಗೆ ಮಾಡಿದ್ದು ಅವನಿಗೇ ಗೊತ್ತಿರಲಿಲ್ಲವೇನೋ. ನೀಲಕ್ಕ ನೋಡಿದಳು. ಮುಖ ಬೇರೆ ಕಡೆ ತಿರುಗಿಸಿಕೊಳ್ಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು, ಈ ಸಲ ತಿರುಗಿಸಿಕೊಳ್ಳಲಿಲ್ಲ.

"ಬರೇ ನೀರಾಗ ತೊಳದೇನಿ," ಎಂದಳು. "ಕುಡೀರಿ."